ಪುಡಿಯಿಲ್ಲದ ಬಾಟಲಿ

ಅಲೆನ್, ಟೆಕ್ಸಸ್
ಭಾನುವಾರ, ಅಕ್ಟೋಬರ್ 8, 2006

ಪ್ರೀತಿಯ ತೃಪ್ತಿಗೆ,

ನಿನ್ನ ರಾಜಿ ಆಂಟಿಯ ತುಂಬು ಮನಸ್ಸಿನ ಆಶೀರ್ವಾದ. ಇಲ್ಲಿ ನಾನೂ ರಘೂತ್ತಮ ಅಂಕಲ್ಲೂ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯೆಂದು ನಂಬಿದ್ದೇನೆ ಎಂದು ಬರೆಯುವ ವಾಡಿಕೆಯನ್ನು ಮಾತ್ರ ಈ ಸಲ ಬಿಟ್ಟಿದ್ದೇನೆ. ಯಾಕೆಂದರೆ ನೀನು ಚೆನ್ನಾಗಿಲ್ಲ, ಅದು ನಿನಗೂ ಗೊತ್ತು, ನನಗೂ ಗೊತ್ತು.

ನೀನು ಫೋನ್ ಮಾಡಿ ಎರಡು ವಾರವಾಯಿತು. ತಡವಾದದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ದಸರಾ ಗೊಂಬೆ ಕೂರಿಸಿದ್ದೆ, ಒಂಬತ್ತು ದಿನವೂ ಮನೆ ತುಂಬ ಜನ, ಆಮೇಲೆ ಗೊಂಬೆಗಳನ್ನೆಲ್ಲ ಹಳೆಯ ಪಂಚೆಯಲ್ಲಿ ಸುತ್ತಿ ಗರಾಜಿಗೆ ಸಾಗಿಸಬೇಕಿತ್ತು ಎಂದೆಲ್ಲ ನೆಪ ಹೇಳಬಹುದು. ಅದು ಸುಳ್ಳಾಗುತ್ತದೆ. ಗೊಂಬೆಗಳು ಇನ್ನೂ ಹಾಲಿನಲ್ಲೇ ನಿಂತಿವೆ. ಅಂಕಲ್ ದಿನಾ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಹೋಗಿ ಪಟ್ಟದ ರಾಜನನ್ನು, "ಏನಪ್ಪಾ, ನಿನಗೂ ವೀಸಾ ಎಕ್ಸ್‌ಟೆಂಡ್ ಆಯ್ತಾ?" ಎಂದು ಕೇಳುತ್ತಾರೆ. ನಾನು ಈ ಎರಡು ವಾರ ಫೋನಿಗೆ ಅಂಟಿಕೊಂಡು ಕೂತಿದ್ದೆ. ಯಾಕೆಂದು ಮುಂದೆ ಹೇಳುತ್ತೇನೆ.

ನೀನು ಅವತ್ತು ಹೇಳಿದ್ದು ನನಗೆ ಒಂದಕ್ಷರ ಮರೆತಿಲ್ಲ. "ಆಂಟಿ, ಬಾಯಿ ಭಾಳ ಒಣಗ್ಲಿಕ್ಕತ್ತದ. ಮೀಟಿಂಗ್ ನಡುವ ಎರಡು ಸರ್ತಿ ಎದ್ದು ಹೋಗ್ತೀನ್ರಿ. ಜೀನ್ಸ್ ಎಲ್ಲಾ ಲೂಸ್ ಆಗ್ಯಾವ, ಫ್ರೆಂಡ್ಸ್ ಯಾವ ಡಯಟ್ ಅಂತ ಕೇಳ್ತಾರ. ಸ್ಟಾಫರ್ಡ್‌ದಾಗ ಅಪ್ಪನ ಮನ್ಯಾಗ ಅಮ್ಮನ ಪುಡಿ ಬಾಟಲ್ ಹುಡುಕಿದೆ, ಸಿಗಲಿಲ್ಲ. ಒಂದು ಬಾಟಲ್ ಕಳಸ್ತೀರೇನು?" ನಿನ್ನ ಅಮ್ಮ ಧಾರವಾಡದಿಂದ ಹೊತ್ತು ತಂದ ಮಾತು ನಿನ್ನ ಬಾಯಲ್ಲಿ ಹಾಗೇ ಉಳಿದಿದೆ. ಕಣ್ಣು ಮುಚ್ಚಿಕೊಂಡು ಕೇಳಿದರೆ ಪ್ರಭಾನೇ ಲೈನಿನಲ್ಲಿ ಇದ್ದ ಹಾಗೆ.

ಡಾಕ್ಟರ ಹತ್ತಿರ ಹೋಗಿದ್ದೀಯಾ ಎಂದರೆ ನಕ್ಕುಬಿಟ್ಟೆ. "ನವೆಂಬರ್‌ದಾಗ ಕೆಲಸ ಚೇಂಜ್ ಮಾಡ್ಲಿಕ್ಕತ್ತೀನ್ರಿ. ಹೊಸ ಇನ್ಶೂರೆನ್ಸ್ ಬರೋತನಕ ರೆಕಾರ್ಡಿನ್ಯಾಗ ಏನೂ ಬರಸೂದು ಬ್ಯಾಡ. ಅಮ್ಮ ಯಾವಾಗ್ಲೂ ಹಂಗ ಅಂತಿದ್ಲು. ಆಕಿ ಹೇಳಿದ್ರಾಗ ಅದೊಂದು ಮಾತು ಸೆನ್ಸ್ ಅದ. ಉಳಿದಂಗ ಅಮ್ಮ ಬರೇ ಹಟ. ಯಾರ ಮಾತೂ ಕೇಳಲಿಲ್ಲ. ಒಂದು ಸರ್ತಿ ಟೈಮಿಗೆ ಸರಿಯಾಗಿ ಡಾಕ್ಟರ ಕಡೆ ಹೋಗಿದ್ರ ಇವತ್ತು ಇರ್ತಿದ್ಲು. ನಾನಂತೂ ಆಕಿನ್ನ ಇನ್ನೂ ಮಾಫ್ ಮಾಡಿಲ್ಲ" ಅಂದೆ. ನಾನು ಒಲೆಯ ಮೇಲೆ ಏನೋ ಇದೆ ಎಂದು ಹೇಳಿ ಇಟ್ಟುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆದ್ದರಿಂದ ಮೊದಲು ಮುಖ್ಯವಾದ ವಿಷಯ ಬರೆದುಬಿಡುತ್ತೇನೆ. ಪುಡಿ ಕಳಿಸುವುದಿಲ್ಲ. ಈ ಪಾರ್ಸೆಲ್ಲಿನಲ್ಲಿ ಬಾಟಲಿ ಇದೆ, ಪುಡಿ ಇಲ್ಲ. ಬಾಟಲಿಯೊಳಗೆ ಒಂದು ಚೀಟಿ ಇದೆ. ಅದರಲ್ಲಿ ನಿಮ್ಮ ಆಸ್ಟಿನ್ನಿನ ಒಬ್ಬ ಡಾಕ್ಟರ ಹೆಸರು, ವಿಳಾಸ, ದಿನ ಮತ್ತು ಹೊತ್ತು ಬರೆದಿದ್ದೇನೆ. ನೀನು ಹೋಗಬೇಕು. ಕೂಗಾಡಬೇಡ, ಪೂರ್ತಿ ಓದು.

ನಿನಗೆ ಗೊತ್ತೇ ಇದೆ, ಡಲ್ಲಾಸಿನ ಕನ್ನಡದವರಲ್ಲಿ ನನ್ನನ್ನು ಬೆನ್ನ ಹಿಂದೆ ಪುಡಿ ಆಂಟಿ ಎನ್ನುತ್ತಾರೆ. ನಾನು ಎದುರಿಗೇ ಕೇಳಿಸಿಕೊಂಡು ಉಬ್ಬಿದ್ದೇನೆ. ಮೆಂತ್ಯ, ನೇರಳೆ ಬೀಜ, ಹಾಗಲಕಾಯಿ ಒಣಗಿಸಿ ಹುರಿದು ಪುಡಿ ಮಾಡಿ, ಖಾಲಿ ಕಾಫಿ ಬಾಟಲಿಗಳಿಗೆ ತುಂಬಿ, ಹೆಸರು ಬರೆದ ಚೀಟಿ ಅಂಟಿಸಿ ಹಂಚುತ್ತಿದ್ದೆ. ನಮ್ಮ ಯಾವ ಪೂಜೆಗೆ ಹೋದರೂ ಎರಡು ಕಡೆ ಆಸ್ಪತ್ರೆ ತೆರೆದಿರುತ್ತಿತ್ತು. ಬಾಗಿಲ ಹತ್ತಿರ ಚಪ್ಪಲಿಗಳ ನಡುವೆ ಡಾಕ್ಟರ್ ಪ್ರಹ್ಲಾದ್, ಅಡುಗೆಮನೆಯಲ್ಲಿ ನಾನು. ಪಾಪ, ಆತ ಮಕ್ಕಳ ಡಾಕ್ಟರು. ಆದರೂ ದೊಡ್ಡದೊಡ್ಡ ಇಂಜಿನಿಯರುಗಳು ಅವರ ಮುಂದೆ ನಾಲಿಗೆ ಚಾಚಿಕೊಂಡು ನಿಲ್ಲುತ್ತಿದ್ದರು. ಊರಲ್ಲಿದ್ದಾಗ ಕಾರಿಗೊಬ್ಬ ಮೆಕ್ಯಾನಿಕ್, ತಲೆಗೊಬ್ಬ ಕ್ಷೌರಿಕ ಎಂದು ಹುಡುಕಿ ಇಟ್ಟುಕೊಂಡವರು, ಇಲ್ಲಿ ಮೈಗೆ ಒಬ್ಬ ಡಾಕ್ಟರನ್ನು ಇಟ್ಟುಕೊಳ್ಳಲಿಲ್ಲ. ಪ್ರಸಾದ ತಿಂದು ಕೈ ಒರೆಸಿಕೊಳ್ಳುತ್ತಾ ಕೇಳಿದರೆ ಆಯಿತು, ಮಾತ್ರೆ ಬೇಕಿದ್ದರೆ ಬೆಂಗಳೂರಿಂದ ಬರುವವರ ಸೂಟ್‌ಕೇಸಿನಲ್ಲಿ ಆರು ತಿಂಗಳದ್ದು ಬರುತ್ತಿತ್ತು.

ನಿನ್ನ ಅಮ್ಮ ಹೋಗಿ ವರ್ಷ ಕಳೆದಿತ್ತು. 2004ರ ಯುಗಾದಿಯ ಊಟ. ನಾನು ಹೋಳಿಗೆಗೆ ತುಪ್ಪ ಬಡಿಸುತ್ತಾ ಹಾಲಿನ ಈ ತುದಿಯಿಂದ ಆ ತುದಿಗೆ ಬರಿಗಾಲಿನಲ್ಲಿ ಓಡಾಡುತ್ತಿದ್ದೆ. ಹಿಂದಿನಿಂದ ಯಾರೋ, "ಆಂಟಿ, ರಕ್ತ!" ಎಂದು ಕೂಗಿದರು. ತಿರುಗಿ ನೋಡಿದರೆ ಬಿಳಿ ನೆಲದ ಮೇಲೆ ನನ್ನ ಹಿಂದೆ ಕೆಂಪು ಚುಕ್ಕಿಗಳ ಸಾಲು. ಮಾವಿನೆಲೆಯ ತೋರಣಕ್ಕೆ ಚುಚ್ಚಿದ್ದ ಡ್ರಾಯಿಂಗ್ ಪಿನ್ನು ಬಿದ್ದು ನನ್ನ ಹಿಮ್ಮಡಿಗೆ ಪೂರ್ತಿ ಇಳಿದಿತ್ತು. ಎರಡು ಪಂಕ್ತಿ ಬಡಿಸಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ.

ಎಲ್ಲರೂ ನನ್ನ ಸಹನೆಯನ್ನು ಹೊಗಳಿದರು. ನನಗೆ ಮಾತ್ರ ನಿನ್ನ ಅಮ್ಮನ ಕಾಲ್ಬೆರಳು ಕಣ್ಣಿಗೆ ಬಂತು. ಅವಳಿಗೂ ಷೂ ಕಚ್ಚಿದ್ದು ಗೊತ್ತಾಗಿರಲಿಲ್ಲ, ಅಲ್ಲವೇ? ಆ ಬೆರಳಿನಿಂದ ಶುರುವಾಗಿ ಕಿಡ್ನಿಯವರೆಗೂ ಹೋಗಿ, ಕೊನೆಗೆ ಹೃದಯಕ್ಕೆ ಬಂದು ನಿಂತಿತು.

ಪ್ರಹ್ಲಾದ್ ನನ್ನನ್ನು ಚಪ್ಪಲಿಗಳ ನಡುವೆ ಒಂದು ಕುರ್ಚಿಯಲ್ಲಿ ಕೂರಿಸಿ ಪಿನ್ನು ಕಿತ್ತರು. ಕೀಳುವಾಗ ನೋವಾಯಿತಾ ಎಂದರು. ಇಲ್ಲ ಅಂದೆ. ಅವರು ನಗಲಿಲ್ಲ. "ರಾಜಲಕ್ಷ್ಮಿಯವರೇ, ಬಾಯಿ ಒಣಗತ್ತಾ?" ಅಂದರು. ಒಣಗುತ್ತದೆ, ಆದರೆ ನನ್ನ ಪುಡಿ ತಗೋತೀನಲ್ಲ ಅಂದೆ. ಆಗ ಅವರು ಹೇಳಿದ್ದು ಕೇಳು: "ನಾನು ಮಕ್ಕಳ ಡಾಕ್ಟ್ರು ಕಣ್ರೀ. ನಿಮಗೆ ಬಬಲ್‌ಗಮ್ ಫ್ಲೇವರ್ ಸಿರಪ್ ಬರ್ಕೊಡ್ಬಹುದು, ಅಷ್ಟೇ. ಹತ್ತು ವರ್ಷದಿಂದ ನೀವೆಲ್ಲ ನನ್ನನ್ನ ಕೇಳ್ತೀರಿ, ನಾನೂ ಸಂಕೋಚಕ್ಕೆ ಏನೋ ಹೇಳ್ತೀನಿ. ತಪ್ಪು ನಂದೂ ಇದೆ. ಇನ್ಮೇಲೆ ಹೇಳಲ್ಲ. ನಿಮ್ಮದು ಅಂತ ಒಬ್ಬ ಡಾಕ್ಟ್ರನ್ನ ಹುಡುಕ್ಕೊಳ್ಳಿ. ಸಿಗೋವರೆಗೂ ಬಿಡ್ಬೇಡಿ." ಅವತ್ತಿನಿಂದ ಆತ ಚಪ್ಪಲಿ ಹತ್ತಿರ ನಿಲ್ಲುವುದನ್ನೇ ಬಿಟ್ಟರು. ನೇರ ಒಳಗೆ ಬಂದು ಊಟಕ್ಕೆ ಕೂರುತ್ತಾರೆ.

ಹುಡುಕಿದೆ, ತೃಪ್ತಿ. ನನ್ನ ಹತ್ತಿರ ಒಂದೇ ಪ್ರಶ್ನೆ ಇತ್ತು. ನನ್ನ ಪುಡಿಯನ್ನು ಏನು ಮಾಡಲಿ? ಅದಕ್ಕೆ ಯಾರು ಹೇಗೆ ಉತ್ತರಿಸುತ್ತಾರೋ ನೋಡೋಣ ಎಂದು ಬಾಟಲಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡೇ ಹೋದೆ. ಮೊದಲನೆಯ ಡಾಕ್ಟರು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ನಾನು ಪ್ರಶ್ನೆ ಕೇಳಿದಾಗ ಮಾತ್ರೆಯ ಹೆಸರು ಟೈಪ್ ಮಾಡುತ್ತಿದ್ದರು, ಮುಗಿಸಿ ಎದ್ದು ಹೋದರು. ಅವರ ಬೆನ್ನಿನ ಪರಿಚಯ ಚೆನ್ನಾಗಿ ಆಯಿತು. ಎರಡನೆಯವರು ಬಾಟಲಿ ನೋಡಿ ಗಹಗಹಿಸಿ ನಕ್ಕರು. ಅನ್ನ ತಿನ್ನುವವರ ಹಣೆಬರಹವೇ ಇಷ್ಟು ಎಂಬಂತೆ ಏನೋ ಅಂದರು. ನಾನು ಪಾರ್ಕಿಂಗ್ ಲಾಟಿನಲ್ಲಿ ಕೂತು ಅತ್ತು, ಹಟಕ್ಕೆ ಒಂದು ಪ್ಯಾಕೆಟ್ ಕೋಡುಬಳೆ ಖಾಲಿ ಮಾಡಿದೆ.

ಮನೆಗೆ ಬಂದರೆ ಅಂಕಲ್, "ಇಬ್ಬರನ್ನ ನೋಡಾಯ್ತಲ್ಲ, ಯಾರೋ ಒಬ್ಬರನ್ನ ಇಟ್ಕೋ, ಎಲ್ಲಾ ಒಂದೇ" ಎಂದರು. ನನಗೆ ಎಲ್ಲಿತ್ತೋ ಸಿಟ್ಟು. "ನೀವು ಕಾರು ಕೊಳ್ಳೋಕೆ ಹದಿನಾಲ್ಕು ಡೀಲರ್ ಸುತ್ತಿದ್ರಿ. ಟೈರು ಒದ್ದು ಒದ್ದು ನೋಡಿದ್ರಿ. ನನ್ನ ಮೈಗೆ ಇಬ್ಬರೇ ಸಾಕಾ?" ಅಂದೆ. ಅವರು ಪೇಪರ್ ಮಡಚಿಟ್ಟು, "ಸರಿ ಮಾರಾಯ್ತಿ, ಮೂರನೆಯವರ ಹತ್ರ ನಾನೇ ಡ್ರೈವ್ ಮಾಡ್ತೀನಿ" ಎಂದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರು ವಾದವಿಲ್ಲದೆ ಒಪ್ಪಿದ್ದು ಅದೊಂದೇ ಸಲ.

ಮೂರನೆಯವರು ಪ್ಲೇನೋದ ಡಾಕ್ಟರ್ ತ್ರಾನ್. ವಿಯೆಟ್ನಾಮಿನ ಹೆಂಗಸು, ಐದಡಿಯೂ ಇಲ್ಲ, ಸ್ಟೂಲಿನ ಮೇಲೆ ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ. ಆದರೆ ಕೂರುತ್ತಾರೆ, ನೋಡು. ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ಮುಚ್ಚಳ ತೆಗೆದು ಮೂಸಿದರು. ಏನೇನು ಹಾಕುತ್ತೀಯ, ಎಷ್ಟು ಹುರಿಯುತ್ತೀಯ ಎಂದು ಕೇಳಿ ಬರೆದುಕೊಂಡರು. ತಮ್ಮ ಅಜ್ಜಿಯೂ ಹಾಗಲಕಾಯಿಯನ್ನು ಇದೇ ಥರ ಒಣಗಿಸುತ್ತಿದ್ದರಂತೆ. ಆಮೇಲೆ ನನ್ನ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚು ಎಂದು ಹೇಳಿ, ಮೀನಿನ ಗಾಳದ ದಾರದಂಥದ್ದರಿಂದ ಬೆರಳು ಬೆರಳೂ ಮುಟ್ಟಿದರು. ಹತ್ತು ಕಡೆ ಮುಟ್ಟಿದ್ದಂತೆ. ನನಗೆ ಗೊತ್ತಾದದ್ದು ನಾಲ್ಕು.

ಆಗ ಹೇಳಿದರು, ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ: "ನಿನ್ನ ಪುಡಿಯ ಮೇಲೆ ನನಗೆ ಜಗಳವಿಲ್ಲ. ಅದು ಆಹಾರ. ಬೇಕಾದರೆ ತಿನ್ನು, ನಾನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತೇನೆ. ಆದರೆ ಔಷಧಿಯ ಕೆಲಸವನ್ನು ಅದರ ಕೈಲಿ ಮಾಡಿಸಬೇಡ. ಮತ್ತೆ, ನನಗೆ ಸುಳ್ಳು ಹೇಳಬೇಡ. ಸಿಹಿ ತಿಂದರೆ ತಿಂದೆ ಅನ್ನು." ರಕ್ತ ತೆಗೆದರು. ಮೂರು ತಿಂಗಳ ಸಕ್ಕರೆ ಹನ್ನೊಂದರ ಹತ್ತಿರ ಇತ್ತು. ಏಳರೊಳಗೆ ಇರಬೇಕಂತೆ. ಪುಡಿ ಆಂಟಿಯ ಮೈಯಲ್ಲೇ ಪುಡಿ ಸೋತಿತ್ತು.

ಅವರೇ ನನ್ನನ್ನು ಗ್ಲೋರಿಯಾ ಎನ್ನುವ ಊಟದ ತಜ್ಞೆಯ ಹತ್ತಿರ ಕಳಿಸಿದ್ದು. ಮೆಕ್ಸಿಕೋ ಮೂಲದವಳು, ಬಾಯಿ ತುಂಬ ನಗು. ದಿನಕ್ಕೆ ಎಷ್ಟು ಕಪ್ ಅನ್ನ ಎಂದಳು. ನಮ್ಮ ಮನೆಯಲ್ಲಿ ಕಪ್ ಎಲ್ಲಿ, ಸೌಟು ಅಂದೆ. ಸೌಟು ಎಷ್ಟು ದೊಡ್ಡದು ಅಂದಳು. ಮುಂದಿನ ಸಲ ಬ್ಯಾಗಿನಲ್ಲಿ ಅನ್ನದ ಸೌಟು ಹಾಕಿಕೊಂಡು ಹೋದೆ. ಅವಳು ಸಿಂಕಿನ ಹತ್ತಿರ ನಿಂತು ಅದಕ್ಕೆ ನೀರು ತುಂಬಿ ಕಪ್ಪಿಗೆ ಸುರಿದು ಅಳೆದಳು. ಮುಕ್ಕಾಲು ಕಪ್. ರಾತ್ರಿ ಊಟ ಹೇಗೆ ಎಂದಳು. ಸಾರಿಗೆ ಎರಡು ಸೌಟು, ಹುಳಿಗೆ ಎರಡು, ಮೊಸರಿಗೆ ಒಂದೂವರೆ ಅಂದೆ. ಅವಳು ಪೆನ್ನು ಕೆಳಗಿಟ್ಟು, "ಮೂರು ಊಟ ಮಾಡುತ್ತೀಯಾ?" ಎಂದು ಕೇಳಿದಳು. ಮೂರಲ್ಲಮ್ಮ, ಒಂದೇ ಊಟ, ಮೂರು ಸಲ ಅನ್ನ ಎಂದು ವಿವರಿಸುವಷ್ಟರಲ್ಲಿ ನನಗೇ ನಾಚಿಕೆಯಾಯಿತು.

ಮೊಸರನ್ನ ಬಿಡು ಎಂದಿದ್ದರೆ ಸೌಟು ಕಿತ್ತುಕೊಂಡು ಎದ್ದು ಬರುತ್ತಿದ್ದೆ. ಅವಳು ಹಾಗನ್ನಲಿಲ್ಲ. "ಮೂರರಲ್ಲಿ ಯಾವುದು ಇಲ್ಲದಿದ್ದರೆ ನಿನಗೆ ನಿದ್ದೆ ಬರುವುದಿಲ್ಲ?" ಎಂದಳು. ಮೊಸರನ್ನ. "ಹಾಗಾದರೆ ಅದು ಇರಲಿ, ಒಂದು ಸೌಟು. ಸಾರನ್ನು ಲೋಟದಲ್ಲಿ ಕುಡಿ, ಹುಳಿಯನ್ನು ತರಕಾರಿ ಹೆಚ್ಚಾಗಿ ಹಾಕಿ ಬರೀ ಬಟ್ಟಲಲ್ಲಿ ತಿನ್ನು." ಒಂದು ವಾರ ಅಂಕಲ್ ನನ್ನನ್ನು ಕರುಣೆಯಿಂದ ನೋಡಿದರು. ಎರಡನೆಯ ವಾರ ಅವರೂ ಲೋಟ ತಂದರು.

ಇನ್ನು ವ್ಯಾಯಾಮ. ನಮ್ಮ ರಿಕ್ರಿಯೇಶನ್ ಸೆಂಟರಿನಲ್ಲಿ ಅರ್ಲೀನ್ ಎಂಬ ಅರವತ್ತೆಂಟು ವರ್ಷದ ಕಪ್ಪು ಹೆಂಗಸು ವಾರಕ್ಕೆ ಮೂರು ದಿನ ನಮ್ಮಂಥವರಿಗೆ ಕಲಿಸುತ್ತಾಳೆ. ಮೊದಲು ಸ್ಕೂಲ್ ಬಸ್ ಓಡಿಸುತ್ತಿದ್ದಳಂತೆ, ಗದರುವುದು ಅಭ್ಯಾಸ. ಸಲ್ವಾರ್ ಕಮೀಜಿಗೆ ಷೂ ಹಾಕಿಕೊಂಡು ಹೋದವಳನ್ನು ನೋಡಿ ನಗಲಿಲ್ಲ, ದುಪಟ್ಟಾ ಮಾತ್ರ ಕಾರಿನಲ್ಲಿಟ್ಟು ಬಾ ಅಂದಳು. ಕಾಲಿನ ಸ್ಪರ್ಶ ಹೋಗಿರುವವರು ಮೊದಲು ನಿಲ್ಲುವುದನ್ನು ಕಲಿಯಬೇಕು ಎಂದು ಒಂದು ತಿಂಗಳು ಒಂಟಿ ಕಾಲಿನಲ್ಲಿ ನಿಲ್ಲಿಸಿದಳು. ಈಗ ಎರಡೂ ಕೈಯಲ್ಲಿ ಎಂಟೆಂಟು ಪೌಂಡು ಎತ್ತುತ್ತೇನೆ. ಹತ್ತು ಕೇಜಿ ಅಕ್ಕಿ ಚೀಲವನ್ನು ಅಂಗಡಿಯಿಂದ ನಾನೇ ಹೊತ್ತು ತರುತ್ತೇನೆ, ತಿನ್ನುವುದು ಕಡಿಮೆಯಾದ ಮೇಲೆ.

ಎರಡೂವರೆ ವರ್ಷವಾಯಿತು. ಮೂರು ತಿಂಗಳ ಸಕ್ಕರೆ ಈಗ ಏಳರೊಳಗೆ ಇದೆ. ಒಮ್ಮೊಮ್ಮೆ ಏರುತ್ತದೆ, ಡಾಕ್ಟರ್ ತ್ರಾನ್‌ಗೆ ಮುಚ್ಚಿಡುವುದಿಲ್ಲ. ಕೊಬ್ಬರಿ ಮಿಠಾಯಿ ತಿಂದೆ, ಎರಡಲ್ಲ, ಐದು ಎಂದು ಹೇಳಿಬಿಡುತ್ತೇನೆ. ಪಾದದ ಹತ್ತರಲ್ಲಿ ಈಗ ಆರು ಗೊತ್ತಾಗುತ್ತದೆ, ಉಳಿದ ನಾಲ್ಕು ಬರುವುದಿಲ್ಲವಂತೆ. ಪುಡಿ ಮಾಡುವುದನ್ನು ನಿಲ್ಲಿಸಿದ್ದೇನೆ. ಕೇಳಿದವರಿಗೆಲ್ಲ ಮೊದಲು ನಿಮ್ಮ ಡಾಕ್ಟರ ಹೆಸರು ಹೇಳಿ ಎನ್ನುತ್ತೇನೆ. ಕೆಲವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಈಗ ನಿನ್ನ ವಿಷಯ. ನೀನು ಫೋನ್ ಮಾಡಿದ ಮರುದಿನವೇ ಡಾಕ್ಟರ್ ತ್ರಾನ್‌ಗೆ ಹೇಳಿದೆ. ಇಪ್ಪತ್ತೇಳು ವಯಸ್ಸು, ಅಮ್ಮನಿಗೆ ಇತ್ತು, ಬಾಯಾರಿಕೆ, ತೂಕ ಇಳಿತ ಎಂದೆ. ಅವರು ಕಾಲು ಆಡಿಸುವುದನ್ನು ನಿಲ್ಲಿಸಿದರು. ವಾಂತಿ, ಹೊಟ್ಟೆ ನೋವು, ಏದುಸಿರು ಏನಾದರೂ ಇದೆಯಾ ಕೇಳು, ಇದ್ದರೆ ಅಪಾಯಿಂಟ್‌ಮೆಂಟ್ ಗಿಪಾಯಿಂಟ್‌ಮೆಂಟ್ ಕಾಯದೆ ಅದೇ ಗಳಿಗೆ ಎಮರ್ಜೆನ್ಸಿಗೆ ಹೋಗಬೇಕು ಎಂದರು. ಅದಕ್ಕೇ ಅವತ್ತು ಸಂಜೆ ನಿನಗೆ ಫೋನ್ ಮಾಡಿ ಅಷ್ಟೆಲ್ಲ ಕೇಳಿದ್ದು. ನೀನು, "ಇಲ್ರೀ ಆಂಟಿ, ಪುಡಿ ಕಳಸ್ರಿ ಸಾಕು" ಅಂದೆ. ಈ ಕಾಗದ ಓದುವ ಹೊತ್ತಿಗೆ ಹಾಗೇನಾದರೂ ಆಗಿದ್ದರೆ ಓದುವುದನ್ನು ನಿಲ್ಲಿಸಿ ಹೊರಡು.

ಆಸ್ಟಿನ್ನಿನಲ್ಲಿ ಒಂಬತ್ತು ಕ್ಲಿನಿಕ್ಕುಗಳಿಗೆ ಫೋನ್ ಮಾಡಿದೆ. ಎಲ್ಲರಿಗೂ ಮೂರೇ ಪ್ರಶ್ನೆ. ಹೊಸಬರನ್ನು ಎಷ್ಟು ದಿನದಲ್ಲಿ ನೋಡುತ್ತೀರಿ? ಊಟದ ಬಗ್ಗೆ ಹೇಳಿಕೊಡುವವರು ನಿಮ್ಮಲ್ಲಿ ಇದ್ದಾರಾ? ನಿಮ್ಮ ಡಾಕ್ಟರು ಕೂತು ಮಾತಾಡುತ್ತಾರೋ ನಿಂತೋ? ಮೂರನೆಯದಕ್ಕೆ ಇಬ್ಬರು ಫೋನ್ ಇಟ್ಟುಬಿಟ್ಟರು. ಒಂಬತ್ತನೆಯ ಕಡೆ ಒಬ್ಬ ಹುಡುಗಿ ಜೋರಾಗಿ ನಕ್ಕು, "ಮೇಡಂ, ನಮ್ಮ ಡಾಕ್ಟರು ಕೂತರೆ ಏಳುವುದೇ ಇಲ್ಲ, ಅದಕ್ಕೇ ನಾವು ಯಾವಾಗಲೂ ಲೇಟು" ಅಂದಳು. ಅಲ್ಲೇ ಹಿಡಿದೆ. ಡಾಕ್ಟರ್ ಸೋಲಿಸ್. ಅಕ್ಟೋಬರ್ 16, ಸೋಮವಾರ, ಬೆಳಿಗ್ಗೆ ಎಂಟೂಕಾಲು. ಖಾಲಿ ಹೊಟ್ಟೆಯಲ್ಲಿ ಬಾ ಅಂದಿದ್ದಾರೆ. ನಿನ್ನ ಹುಟ್ಟಿದ ದಿನ ಕೇಳಿದರು, ಹೇಳಿದೆ. ಪ್ರತಿ ವರ್ಷ ಅವತ್ತು ನನ್ನ ಕೈಲಿ ಪಾಯಸ ಮಾಡಿಸುತ್ತಿದ್ದವಳು ನಿನ್ನ ಅಮ್ಮ, ಮರೆಯುತ್ತೇನಾ.

ಇನ್ಶೂರೆನ್ಸಿನ ಭಯವನ್ನೂ ವಿಚಾರಿಸಿದ್ದೇನೆ. ಒಂದು ಕಂಪನಿಯ ಪ್ಲಾನಿನಿಂದ ಇನ್ನೊಂದು ಕಂಪನಿಯ ಪ್ಲಾನಿಗೆ ನಡುವೆ ಹೆಚ್ಚು ದಿನ ಬಿಡದೆ ಹೋದರೆ, ಮೊದಲೇ ಇದ್ದ ಕಾಯಿಲೆ ಎಂದು ಹೊರಗಿಡುವ ಹಾಗಿಲ್ಲವಂತೆ. ಡಾಕ್ಟರ್ ತ್ರಾನ್ ಆಫೀಸಿನಲ್ಲಿ ಇನ್ಶೂರೆನ್ಸ್ ನೋಡುವ ಹೆಂಗಸು ಹೇಳಿದ್ದು. ನನ್ನ ಮಾತು ನಂಬಬೇಡ, ನಿನ್ನ ಹೊಸ ಕಂಪನಿಯವರನ್ನು ಬರವಣಿಗೆಯಲ್ಲೇ ಕೇಳು. ಏನೇ ಹೇಳಲಿ, ನವೆಂಬರಿನವರೆಗೆ ಕಾಯುವ ಮಾತು ಮಾತ್ರ ಬೇಡ.

ಅದರ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ನಾನು ಆಸ್ಟಿನ್ನಿಗೆ ಬರುತ್ತೇನೆ. ಅಂಕಲ್ ಬರುವುದಿಲ್ಲ, ನಾನೇ ಡ್ರೈವ್ ಮಾಡುತ್ತೇನೆ. ಹೈವೇ ಎಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಆಂಟಿ ನಾಲ್ಕು ಗಂಟೆ ಡ್ರೈವ್ ಮಾಡುತ್ತಾಳಾ ಎಂದು ನಗು ಬಂದರೆ ನಗು. ಒಳಗೆ ಬಾ ಎಂದರೆ ಒಳಗೆ ಬರುತ್ತೇನೆ, ಬೇಡವೆಂದರೆ ಹೊರಗೆ ಕೂರುತ್ತೇನೆ. ಡಾಕ್ಟರ್ ಸೋಲಿಸ್ ನಿನಗೆ ಹಿಡಿಸದಿದ್ದರೆ ಹೇಳು, ಇನ್ನೊಬ್ಬರನ್ನು ಹುಡುಕೋಣ. ಹದಿನಾಲ್ಕು ಆದರೂ ಸರಿ.

ದೇವರು ನಿನಗೆ ಆಯುಷ್ಯ, ಆರೋಗ್ಯ ಕೊಡಲಿ. ನಿನ್ನ ಬಾಯಿ ಒಣಗದಿರಲಿ, ನಿನ್ನ ಜೀನ್ಸು ಮತ್ತೆ ಬಿಗಿಯಾಗಲಿ. ಊಟ ಬಿಡಬೇಡ, ನೀರು ಕುಡಿ.

ನಿನ್ನ ಅಮ್ಮನ ಗೆಳತಿ,
ರಾಜಲಕ್ಷ್ಮಿ

ಮರೆತ ಮಾತು: ಮರೆತದ್ದೇನೂ ಅಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಅಷ್ಟೇ. ಸಹಿ ಹಾಕಿ ಎದ್ದು ಹೋದೆ, ಗೊಂಬೆಗಳನ್ನೆಲ್ಲ ಸುತ್ತಿ ಡಬ್ಬಕ್ಕೆ ತುಂಬಿ ಬಂದೆ. ನಾಳೆ ಕೊಲಂಬಸ್ ಡೇ, ಪೋಸ್ಟಾಫೀಸಿಗೆ ರಜೆ. ಮಂಗಳವಾರ ಕಳಿಸುವಷ್ಟರಲ್ಲಿ ಹರಿದು ಹಾಕಿಬಿಟ್ಟೇನು ಎಂದು ಈಗಲೇ ಬರೆಯುತ್ತಿದ್ದೇನೆ.

ಹೊಸ ಇನ್ಶೂರೆನ್ಸ್ ಬರುವ ತನಕ ರೆಕಾರ್ಡಿನಲ್ಲಿ ಏನೂ ಬರೆಸಬಾರದು. ಆ ಮಾತು ನಿನ್ನ ಅಮ್ಮನದಲ್ಲ ತೃಪ್ತಿ, ನನ್ನದು.

1996ರ ಅಕ್ಟೋಬರ್. ಲೂಯಿಸ್‌ವಿಲ್ಲಿನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಬಾಗಿಲು ನಿಮ್ಮ ಬಾಗಿಲು ಎದುರುಬದುರು. ನೀನು ಆಗ ಹೈಸ್ಕೂಲಿನ ಕೊನೆಯ ವರ್ಷ. ನಿನ್ನ ಅಮ್ಮನಿಗೆ ಬಾಯಿ ಒಣಗುತ್ತಿತ್ತು, ಬ್ಲೌಸು ಸಡಿಲವಾಗಿತ್ತು. ಅವಳೇ ಧೈರ್ಯ ಮಾಡಿ, ತಡವರಿಸುತ್ತಾ ಇಂಗ್ಲಿಷಿನಲ್ಲಿ ಮಾತಾಡಿ, ಒಂದು ಅಪಾಯಿಂಟ್‌ಮೆಂಟ್ ಮಾಡಿಕೊಂಡಿದ್ದಳು. ಮಠದ ಕ್ಯಾಲೆಂಡರಿನಲ್ಲಿ ಆ ದಿನದ ಸುತ್ತ ಕುಂಕುಮದ ಬಣ್ಣದ ಪೆನ್ನಿನಿಂದ ಸುತ್ತು ಹಾಕಿದ್ದಳು. ಹಿಂದಿನ ದಿನ ಬಂದು, "ರಾಜಿ, ನಾಳೆ ಹತ್ತಕ್ಕ ಅದ. ನನ್ನ ಜೋಡಿ ಬರ್ತೀಯೇನು?" ಎಂದಳು. ನಾನು ಮೆಂತ್ಯ ಹುರಿಯುತ್ತಿದ್ದೆ. ಅವಳನ್ನು ಕೂರಿಸಿ ದೊಡ್ಡ ಭಾಷಣ ಮಾಡಿದೆ. "ನಿಮ್ಮನೆಯವರ ಕಾಂಟ್ರ್ಯಾಕ್ಟು ಡಿಸೆಂಬರಿಗೆ ಮುಗಿಯತ್ತೆ, ಸಕ್ಕರೆ ಕಾಯಿಲೆ ಅಂತ ಒಂದ್ಸಲ ಬರೆದರೆ ಮುಂದಿನ ಇನ್ಶೂರೆನ್ಸ್ ಸಿಗಲ್ಲ, ಪರ್ಮನೆಂಟ್ ಆಗೋವರೆಗೂ ತಡ್ಕೋ, ಅಲ್ಲೀವರೆಗೆ ನನ್ನ ಪುಡಿ ಇದೆ" ಅಂದೆ. ಯಾರನ್ನೂ ಕೇಳಿ ತಿಳಿದಿರಲಿಲ್ಲ. ಪೂಜೆಗಳಲ್ಲಿ ಅವರಿವರು ಆಡಿಕೊಂಡದ್ದನ್ನು ತಿಳಿದವಳ ಹಾಗೆ ಹೇಳಿದೆ. ಅವಳು, "ನೀ ಅಂದ್ರ ಮುಗೀತು ಬಿಡವಾ" ಎಂದಳು. ಕ್ಯಾನ್ಸಲ್ ಮಾಡಲು ಮತ್ತೆ ಇಂಗ್ಲಿಷಿನಲ್ಲಿ ಮಾತಾಡಬೇಕಲ್ಲ ಎಂದು ಮುದುಡಿಕೊಂಡಳು. ಆ ಫೋನ್ ಮಾಡಿದ್ದು ನಾನು. ಎರಡು ನಿಮಿಷವೂ ಹಿಡಿಯಲಿಲ್ಲ. ಇಟ್ಟು ಬಂದು ಮೆಂತ್ಯ ಸೀದಿದೆಯಾ ಎಂದು ನೋಡಿದೆ. ಅವತ್ತು ಸಂಜೆ ಅವಳಿಗೆ ಮೊದಲನೆಯ ಬಾಟಲಿ ಕೊಟ್ಟೆ.

ಎರಡು ವರ್ಷದಲ್ಲಿ ನಿಮ್ಮಪ್ಪನ ಕೆಲಸ ಪರ್ಮನೆಂಟ್ ಆಯಿತು, ನೀವು ಹೂಸ್ಟನ್ ಕಡೆ ಶಿಫ್ಟ್ ಆಗಿ ಸ್ಟಾಫರ್ಡಿನಲ್ಲಿ ಮನೆ ಮಾಡಿದಿರಿ. ಈಗ ಹೋಗು ಪ್ರಭಾ ಎಂದು ನಾನು ಒಂದು ಸಲ ಹೇಳಿದ್ದರೆ ಹೋಗುತ್ತಿದ್ದಳು. ಹೇಳಲಿಲ್ಲ. ಬಾಟಲಿ ಕಳಿಸುತ್ತಿದ್ದೆ. ಅವಳು ನನ್ನನ್ನು ಕೇಳುವುದು ನನಗೆ ಹಿತವಾಗಿತ್ತು.

ನಿನ್ನ ಅಮ್ಮ ಹಟಮಾರಿಯಲ್ಲ. ಯಾರ ಮಾತೂ ಕೇಳದವಳಲ್ಲ. ನನ್ನ ಮಾತು ಕೇಳಿದಳು. ಅವಳನ್ನು ಮಾಫ್ ಮಾಡು ಎನ್ನುವ ಹಕ್ಕೂ ನನಗಿಲ್ಲ, ಯಾಕೆಂದರೆ ಮಾಫ್ ಮಾಡುವಂಥದ್ದು ಅವಳೇನೂ ಮಾಡಿರಲಿಲ್ಲ. ನನ್ನನ್ನು ಏನು ಮಾಡುತ್ತೀಯೋ ಅದು ನಿನಗೆ ಬಿಟ್ಟದ್ದು. ನಿಮ್ಮಪ್ಪನಿಗೂ ಇದು ಗೊತ್ತಿಲ್ಲ. ದೀಪಾವಳಿಗೆ ಸ್ಟಾಫರ್ಡಿಗೆ ಹೋಗಿ ಅವರ ಎದುರು ಕೂತು ನಾನೇ ಹೇಳುತ್ತೇನೆ.

ನೀನು ಹುಡುಕಿದ ಬಾಟಲಿ ಸಿಗದಿದ್ದದ್ದಕ್ಕೆ ಕಾರಣ, ಅದು ನನ್ನ ಹತ್ತಿರ ಇತ್ತು. ಅವಳು ಹೋದ ಮೂರನೆಯ ದಿನ ನಿಮ್ಮ ಅಡುಗೆಮನೆ ಕಪಾಟಿನಲ್ಲಿ ಅರ್ಧ ಖಾಲಿಯಾದ ಬಾಟಲಿ ಕಂಡಿತು. ಮೇಲೆ ನನ್ನದೇ ಅಕ್ಷರ: "ಪ್ರಭಾ. ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ." ಯಾರೂ ನೋಡುವ ಮೊದಲು ಬ್ಯಾಗಿಗೆ ಹಾಕಿಕೊಂಡು ಬಂದೆ. ಈಗ ಪಾರ್ಸೆಲ್ಲಿನಲ್ಲಿ ಇರುವುದು ಅದೇ. ತೊಳೆದಿದ್ದೇನೆ, ಮೇಲಿನ ಚೀಟಿ ಕಿತ್ತಿಲ್ಲ.

ಇದನ್ನು ಓದಿದ ಮೇಲೆ ನನ್ನ ಮುಖ ನೋಡುವುದು ಬೇಡ ಎನಿಸಿದರೆ ನಾನು ಕಾರಿನಲ್ಲೇ ಇರುತ್ತೇನೆ. ಡಾಕ್ಟರ್ ಸೋಲಿಸ್ ಬೇಡ ಎನಿಸಿದರೆ ಕ್ಲಿನಿಕ್ಕಿನ ನಂಬರು ಚೀಟಿಯ ಹಿಂದೆ ಇದೆ, ಕ್ಯಾನ್ಸಲ್ ಮಾಡುವುದಾದರೆ ನೀನೇ ಮಾಡಬೇಕು. ಆ ಫೋನು ನನ್ನ ಕೈಲಿ ಇನ್ನೊಂದು ಸಲ ಆ‍ಗುವುದಿಲ್ಲ.